ಶಾಲು ಬೇಡ, ಆಸ್ಪತ್ರೆ ಬಿಲ್ಲು ಕಟ್ಟಿ

ಮೊಬೈಲಿಗೆ ಬಂದು ಬೀಳುವ ಆ ಮನವಿಗಳ ನಮೂನೆ ಈಗ ಎಲ್ಲರಿಗೂ ಪರಿಚಿತ. ಮೇಲೆ ಬಣ್ಣ ಹಚ್ಚಿ ಕಿರೀಟ ಕಟ್ಟಿದ ಹಳೆಯ ಫೋಟೊ. ಪಕ್ಕದಲ್ಲಿ ಅದೇ ಮುಖ, ಮೂಗಿಗೆ ನಳಿಗೆ ಹಾಕಿಸಿಕೊಂಡು ಆಸ್ಪತ್ರೆ ಹಾಸಿಗೆಯ ಮೇಲೆ. ಕೆಳಗೆ ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಮಗಳ ಫೋನ್‌ಪೇ ನಂಬರು. ಅದಕ್ಕೂ ಕೆಳಗೆ ಪ್ರಶಸ್ತಿಗಳ ಪಟ್ಟಿ: ಜಿಲ್ಲಾ ರಾಜ್ಯೋತ್ಸವ, ಅಕಾಡೆಮಿ, ಯಾವುದೋ ಮಠ ಕೊಟ್ಟ ಬಿರುದು. ನನ್ನ ಮೈ ಉರಿಯುವುದು ಆ ಪಟ್ಟಿ ಕಂಡಾಗ. ಅದನ್ನು ಬರೆದ ಹೆಂಡತಿ ಮಕ್ಕಳ ಮೇಲಲ್ಲ, ಬರೆಯದೆ ಗತಿಯಿಲ್ಲದಂತೆ ಮಾಡಿದ ವ್ಯವಸ್ಥೆಯ ಮೇಲೆ. ಹಾಸಿಗೆ ಹಿಡಿದ ಮನುಷ್ಯ ತಾನು ಬದುಕಲು ಅರ್ಹ ಎಂಬುದಕ್ಕೆ ಸಾಕ್ಷಿ ಹಾಜರುಪಡಿಸಬೇಕೆ? ಯಾವ ಅಕಾಡೆಮಿಯ ಕಣ್ಣಿಗೂ ಬೀಳದೆ ಊರ ಹಬ್ಬಗಳಲ್ಲಿ ತಮಟೆ ಬಾರಿಸಿದವನು, ಮದುವೆ ಮನೆಗಳಲ್ಲಿ ನಾದಸ್ವರ ಊದಿದವನು, ಗಣೇಶನ ಮೂರ್ತಿಗಳಿಗೆ ಕಣ್ಣು ಬರೆದವಳು, ಗೋಡೆಗೆ ಬಣ್ಣದ ಅಕ್ಷರ ಬರೆದು ಸಂಸಾರ ಸಾಕಿದವನು ಯಾವ ಪಟ್ಟಿ ತೋರಿಸಬೇಕು?

ಇದನ್ನು ದುರದೃಷ್ಟ ಎಂದು ಕರೆಯುವುದನ್ನು ಮೊದಲು ನಿಲ್ಲಿಸೋಣ. ಕಾಯಿಲೆ ಬರುವುದು ದುರದೃಷ್ಟ ಇರಬಹುದು. ಕಾಯಿಲೆ ಬಂದವನಿಗೆ ಹೋಗಲು ದಾರಿ ಇಲ್ಲದಿರುವುದು ದುರದೃಷ್ಟವಲ್ಲ. ಅದು ಮನುಷ್ಯರು ಮಾಡಿದ್ದು. ಅದರ ಹಿಂದೆ ಬರೆಯದೆ ಬಿಟ್ಟ ನಿಯಮಗಳಿವೆ, ತೆರೆಯದೆ ಬಿಟ್ಟ ಕಡತಗಳಿವೆ, ಕೊಡದೆ ಉಳಿಸಿಕೊಂಡ ಸಂಭಾವನೆಗಳಿವೆ. ಹತ್ತಾರು ವರ್ಷ ದುಡಿದು ಪಳಗಿದ ಒಂದು ಕಂಠ, ಒಂದು ಕೈ, ಒಂದು ನೆನಪು ಕೆಲವು ಲಕ್ಷ ರೂಪಾಯಿಗಾಗಿ ಮಣ್ಣಾಗುವುದನ್ನು ನೋಡುತ್ತ ಕೂತಿದ್ದೇವೆ. ಅದಕ್ಕೆ ನಾಶ ಎಂಬುದೇ ಸರಿಯಾದ ಹೆಸರು.

ನಟ ಹರೀಶ್ ರಾಯ್ ಅವರನ್ನು ನೆನೆಯಿರಿ. 1995ರ ‘ಓಂ’ ಚಿತ್ರದಿಂದ ಕನ್ನಡಿಗರಿಗೆ ಪರಿಚಿತರಾದವರು, ‘ಕೆಜಿಎಫ್’ನಲ್ಲಿ ಖಾಸಿಂ ಚಾಚಾ ಆಗಿ ದೇಶಕ್ಕೆಲ್ಲ ಕಂಡವರು. ಅವರಿಗೆ ಥೈರಾಯ್ಡ್ ಕ್ಯಾನ್ಸರ್ ಆಯಿತು. ಕುತ್ತಿಗೆಯ ಊತ ಕ್ಯಾಮೆರಾಕ್ಕೆ ಕಾಣದಿರಲೆಂದು ಉದ್ದ ಗಡ್ಡ ಬಿಟ್ಟು ನಟಿಸಿದ್ದನ್ನು, ಕೈಯಲ್ಲಿ ದುಡ್ಡಿಲ್ಲದೆ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡರು. ಕೊನೆಗೆ ಒಂದೊಂದು ಇಂಜೆಕ್ಷನ್ನಿಗೂ ಲಕ್ಷಗಟ್ಟಲೆ ಬೇಕಾದಾಗ ಕ್ಯಾಮೆರಾದ ಮುಂದೆಯೇ ಕೈ ಚಾಚಬೇಕಾಯಿತು. ಚಿತ್ರರಂಗದ ಗೆಳೆಯರು ನೆರವಾದರು, ಅದನ್ನು ಮರೆಯಬಾರದು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಇಲ್ಲಿ ನನ್ನ ಸಿಟ್ಟು ಯಾವ ಒಬ್ಬ ವ್ಯಕ್ತಿಯ ಮೇಲೂ ಇಲ್ಲ. ಮೂರು ದಶಕ ಒಂದು ಉದ್ಯಮದಲ್ಲಿ ಕಾಣಿಸಿಕೊಂಡ ಮುಖಕ್ಕೂ ಗಡ್ಡದ ಮರೆಯಲ್ಲಿ ಗಡ್ಡೆ ಬಚ್ಚಿಡುವ ಸ್ಥಿತಿ ಬಂತಲ್ಲ, ತೆರೆಯ ಮೇಲೆ ಹೆಸರೂ ಬಾರದವರ ಗತಿ ಏನು?

ಆ ‘ಮುಂದಕ್ಕೆ ಹಾಕಿದ್ದು’ ಇದೆಯಲ್ಲ, ಕೊಲ್ಲುವುದು ಅದು. ಸಂಬಳದ ನೌಕರಿಯವನು ಹುಷಾರಿಲ್ಲದಿದ್ದರೆ ರಜೆ ಹಾಕುತ್ತಾನೆ, ಸಂಬಳ ಬರುತ್ತದೆ. ಕಲೆಯನ್ನೇ ನೆಚ್ಚಿ ಸ್ವಂತ ದುಡಿಮೆಯಲ್ಲಿ ಬದುಕುವವನಿಗೆ ಹಾಸಿಗೆ ಹಿಡಿದ ದಿನವೇ ಆದಾಯ ನಿಲ್ಲುತ್ತದೆ, ಖರ್ಚು ಶುರುವಾಗುತ್ತದೆ. ಕರಾವಳಿಯ ಯಕ್ಷಗಾನ ಕಲಾವಿದನ ವರ್ಷ ನೋಡಿ. ಮಳೆಗಾಲ ಕಳೆದು ಮೇಳ ಹೊರಟರೆ ತಿರುಗಾಟ ಮುಗಿಯುವುದು ಮೇ ಕೊನೆಯ ಪತ್ತನಾಜೆಗೆ. ವರ್ಷದ ಅಕ್ಕಿ, ಮಕ್ಕಳ ಫೀಸು, ಮನೆಯ ಸಾಲದ ಕಂತು ಎಲ್ಲ ಆ ತಿಂಗಳುಗಳ ದುಡಿಮೆಯಿಂದಲೇ ಹುಟ್ಟಬೇಕು. ಡಿಸೆಂಬರ್‌ನಲ್ಲಿ ಬಾಯಿಯೊಳಗೆ ಒಂದು ಹುಣ್ಣು ಕಾಣಿಸಿಕೊಂಡು ಮಾಯದೇ ಉಳಿದರೆ ಆತ ಏನನ್ನುತ್ತಾನೆ? ಪತ್ತನಾಜೆ ಕಳೆಯಲಿ, ನೋಡೋಣ. ಐದು ತಿಂಗಳು. ಮೊದಲ ಹಂತದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾಗಿದ್ದ ಬಾಯಿಯ ಕ್ಯಾನ್ಸರಿಗೆ ಅಷ್ಟು ಕಾಲ ಬಹಳ ದೊಡ್ಡದು. ಗಾಯಕಿ ಗಂಟಲು ಕಟ್ಟಿದ್ದನ್ನು ಯಾರಿಗೂ ಹೇಳುವುದಿಲ್ಲ; ಹೇಳಿದರೆ ಮುಂದಿನ ಕಾರ್ಯಕ್ರಮ ಬೇರೆಯವರಿಗೆ ಹೋಗುತ್ತದೆ. ಚಿತ್ರಕಾರ ಕೈ ನಡುಕವನ್ನು ಮುಚ್ಚಿಡುತ್ತಾನೆ. ಬಡತನ ಇವರನ್ನು ಬಿಲ್ಲು ಬರುವುದಕ್ಕೆ ಎಷ್ಟೋ ಮೊದಲೇ ಹಿಡಿದಿರುತ್ತದೆ. ಡಾಕ್ಟರ ಬಾಗಿಲಿಗೆ ಹೋಗುವ ಕಾಲನ್ನೇ ಅದು ಕಟ್ಟಿಹಾಕುತ್ತದೆ.

ಯೋಜನೆಗಳಿಲ್ಲವೆ ಎಂದು ಕೇಳುವವರಿದ್ದಾರೆ. ಇವೆ. ಒಂದೊಂದರ ಒಳಗೂ ಇವರನ್ನು ನಿಲ್ಲಿಸಿ ನೋಡಿ.

ಇಎಸ್‌ಐ ವಿಮೆ ಹುಟ್ಟಿದ್ದು 1948ರ ಕಾಯ್ದೆಯಿಂದ. ಅದಕ್ಕೆ ಮಾಲೀಕ ಬೇಕು, ಸಂಬಳದ ಚೀಟಿ ಬೇಕು. ತಿಂಗಳಲ್ಲಿ ಹತ್ತು ಕಡೆ ಹತ್ತು ಜನರಿಗೆ ದುಡಿಯುವ ತಬಲಾ ವಾದಕನಿಗೆ ಮಾಲೀಕ ಯಾರು? ಯಾರೂ ಅಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸಾವಿರಾರು ಜೀವ ಉಳಿಸಿದ ಯೋಜನೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಬಿಪಿಎಲ್ ಕಾರ್ಡಿನ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10,000. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಾಡಿಗೆ ಮನೆಯಲ್ಲಿದ್ದು ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು, ಅಷ್ಟಿಷ್ಟು ಚಿತ್ರ ಮಾರಿ ತಿಂಗಳಿಗೆ 15,000 ಕಾಣುವವಳು ಆ ಗೆರೆಯ ಆಚೆಗೆ. ಅಲ್ಲಿ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮಿಕ್ಕ ಶೇ 70 ಎಲ್ಲಿಂದ ತರಬೇಕು?

ಕೇಂದ್ರ ಸಂಸ್ಕೃತಿ ಸಚಿವಾಲಯದ ಹಿರಿಯ ಕಲಾವಿದರ ನೆರವಿಗೆ 60 ವರ್ಷ ತುಂಬಿರಬೇಕು, ವರ್ಷದ ಆದಾಯ 72,000 ರೂಪಾಯಿ ಮೀರಬಾರದು. ಕರ್ನಾಟಕದ ಮಾಸಾಶನಕ್ಕೂ ವಯಸ್ಸಿನ ಗೆರೆ ಇದೆ, ಅದು ಕೊಡುವ ಮೊತ್ತ ಒಂದು ಸ್ಕ್ಯಾನಿಂಗಿಗೂ ಸಾಲದು. ನಲವತ್ತೆರಡನೇ ವಯಸ್ಸಿಗೆ ಸ್ತನ ಕ್ಯಾನ್ಸರ್ ಬಂದ ನೃತ್ಯ ಕಲಾವಿದೆ ಕೇಂದ್ರದ ನೆರವಿಗೆ ಅರ್ಜಿ ಹಾಕಲು ಇನ್ನೂ ಹದಿನೆಂಟು ವರ್ಷ ಬದುಕಿರಬೇಕು. ಈ ಗೆರೆಗಳನ್ನು ಎಳೆದವರು ಒಮ್ಮೆಯಾದರೂ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಬೆಳಿಗ್ಗೆ ನಿಂತು ಅಲ್ಲಿರುವವರ ವಯಸ್ಸು ಕೇಳಲಿ.

ಸ್ವಂತ ದುಡ್ಡಿನಲ್ಲಿ ವಿಮೆ ಮಾಡಿಸಬಾರದಿತ್ತೆ ಎಂದು ಬುದ್ಧಿ ಹೇಳುವವರಿಗೂ ಒಂದು ಮಾತು. 2025ರ ಸೆಪ್ಟೆಂಬರ್ 21ರವರೆಗೆ ಈ ದೇಶದಲ್ಲಿ ತನ್ನ ಜೇಬಿನಿಂದ ಆರೋಗ್ಯ ವಿಮೆ ಕೊಂಡವನು ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ತೆತ್ತಿದ್ದಾನೆ. ಮೊದಲೇ ಇದ್ದ ಕಾಯಿಲೆಗೆ ಈಗಲೂ ಮೂರು ವರ್ಷದವರೆಗೆ ಕಾಯಿಸಬಹುದು. ಒಂದು ತಿಂಗಳು ಕೈತುಂಬ ಬಂದು ಮೂರು ತಿಂಗಳು ಏನೂ ಬಾರದ ಬದುಕಿನಲ್ಲಿ ಪ್ರೀಮಿಯಂ ತುಂಬುವ ದಿನ ಯಾರನ್ನೂ ಕಾಯುವುದಿಲ್ಲ. ಒಂದು ವರ್ಷ ತಪ್ಪಿದರೆ ಪಾಲಿಸಿ ಹೋಯಿತು, ಕಾದ ವರ್ಷಗಳೂ ಹೋದವು.

ಇನ್ನು ನನ್ನನ್ನು ಅತ್ಯಂತ ಕೆರಳಿಸುವ ಸಂಗತಿ. ಆಸ್ಪತ್ರೆಯಿಂದ ಇಲಾಖೆಗೆ, ಇಲಾಖೆಯಿಂದ ಶಾಸಕರ ಮನೆಗೆ, ಅಲ್ಲಿಂದ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅಲೆಯುವ ಕುಟುಂಬಕ್ಕೆ ದಾರಿಯಲ್ಲಿ ಎದುರಾಗುವ ಪ್ರಶ್ನೆ: ಇವರು ಕಲಾವಿದರು ಎನ್ನುವುದಕ್ಕೆ ದಾಖಲೆ ಏನು? ಕರಪತ್ರ ತನ್ನಿ, ಪತ್ರಿಕೆಯ ತುಣುಕು ತನ್ನಿ, ಫೋಟೊ ತನ್ನಿ. ದಾಖಲೆ ಸರ್ಕಾರದ ಬಳಿಯೇ ಇದೆ! ಸಂಭಾವನೆ ಮಿತಿ ದಾಟಿದಾಗ ಶೇ 10 ಟಿಡಿಎಸ್ ಹಿಡಿಯುತ್ತಾರಲ್ಲ, ಪ್ಯಾನ್ ಸಂಖ್ಯೆಯ ಎದುರು ವರ್ಷವರ್ಷವೂ ಅದು ಬರೆದಿದೆ. ತೆರಿಗೆ ಹಿಡಿಯುವ ಹೊತ್ತಿಗೆ ಕಲಾವಿದ ಎಂದು ಗುರುತಿಸಲು ಯಾವ ಪ್ರಮಾಣಪತ್ರವೂ ಬೇಕಾಗಲಿಲ್ಲ, ಔಷಧಿ ಕೊಡುವ ಹೊತ್ತಿಗೆ ಎಲ್ಲವೂ ಬೇಕು. ಹಿಡಿದ ತೆರಿಗೆಯನ್ನು ವಾಪಸು ಪಡೆಯಲು ರಿಟರ್ನ್ ಸಲ್ಲಿಸಬೇಕು. ಸಲ್ಲಿಸಿದರೆ ಬಿಪಿಎಲ್ ಕಾರ್ಡು ಹೋದೀತೆಂಬ ಅಂಜಿಕೆ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಕಾರ್ಡುಗಳ ರದ್ದತಿಗೆ ಎದ್ದ ಹುಯಿಲನ್ನು ಮರೆತಿಲ್ಲದವರಿಗೆ ಆ ಅಂಜಿಕೆ ಅರ್ಥವಾಗುತ್ತದೆ. ಹೀಗೆ ತನ್ನದೇ ದುಡ್ಡನ್ನು ಬಿಟ್ಟುಕೊಟ್ಟು ಕಾರ್ಡು ಉಳಿಸಿಕೊಳ್ಳುವವರು, ಕಾರ್ಡೂ ಇಲ್ಲದೆ ದುಡ್ಡೂ ಇಲ್ಲದೆ ಉಳಿಯುವವರು, ಇಬ್ಬರೂ ನಮ್ಮ ನಡುವೆ ಇದ್ದಾರೆ.

ಪುಕ್ಕಟೆ ಚಿಕಿತ್ಸೆ ಸಿಕ್ಕರೂ ಕಥೆ ಮುಗಿಯುವುದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು, ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ನಾಟಕ ಕಂಪನಿಗಳ ತಗಡಿನ ಥೇಟರುಗಳು ವಾರಗಟ್ಟಲೆ ನಿಂತಿರುತ್ತವೆ. ಅಲ್ಲಿ ಮುಗಿದರೆ ಮುಂದಿನ ಊರ ಜಾತ್ರೆ, ಅದರ ಮುಂದಿನದು. ಅಂಥದೊಂದು ಕಂಪನಿಯ ಪೇಟಿ ಮಾಸ್ತರರ ಕಿಡ್ನಿ ಕೈಕೊಟ್ಟಿತು ಅಂದುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ, ಅದು ನಿಜವಾಗಿಯೂ ಪುಣ್ಯದ ಕೆಲಸ. ಆದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಒಂದೇ ಊರಿನ ಅದೇ ಯಂತ್ರದ ಪಕ್ಕ ಮಲಗಬೇಕು. “ನನ್ನ ಸಲವಾಗಿ ಕಂಪನಿ ಇಲ್ಲೇ ನಿಲ್ತದೇನ್ರೀ?” ಎಂದು ಆ ಮಾಸ್ತರ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಲಾರಿಯಲ್ಲಿ ಪರದೆ, ಕುರ್ಚಿ, ಪೇಟಿ ಹೇರಿಕೊಂಡು ಕಂಪನಿ ಹೋಗುತ್ತದೆ. ಮಾಸ್ತರ ಉಳಿಯುತ್ತಾನೆ. ರಕ್ತ ಶುದ್ಧಿಯಾಯಿತು, ಕಸುಬು ಹೋಯಿತು. ಮನೆ ಬಾಡಿಗೆಗೆ, ಬಸ್ ಚಾರ್ಜಿಗೆ, ಜೊತೆಗೆ ಬರುವ ಹೆಂಡತಿ ಕಳೆದುಕೊಳ್ಳುವ ಕೂಲಿಗೆ ಯಾವ ಕಾರ್ಡೂ ಇಲ್ಲ. ಆಸ್ಪತ್ರೆ ಖರ್ಚು ಎಂದರೆ ಆಸ್ಪತ್ರೆ ಕೊಡುವ ಬಿಲ್ಲಷ್ಟೇ ಎಂದು ತಿಳಿದವರು ರೂಪಿಸಿದ ಯೋಜನೆಗಳಿವು.

ಆಮೇಲೆ ಮನೆ ಬರಿದಾಗುವ ಕ್ರಮ. ಮೊದಲು ಹೆಂಡತಿಯ ಕಿವಿ, ಕೊರಳು ಬರಿದಾಗುತ್ತವೆ. ಬಳಿಕ ಸ್ಕೂಟರು. ಬಳಿಕ ವಾದ್ಯ. ಹಾರ್ಮೋನಿಯಂ ಮಾರಿದವನು ಗುಣವಾಗಿ ಎದ್ದರೂ ಏನು ನುಡಿಸಬೇಕು? ತೊಗಲು ಗೊಂಬೆಯಾಟದ ಮನೆತನದಲ್ಲಾದರೆ ಅಜ್ಜ ಮುತ್ತಜ್ಜಂದಿರು ತೊಗಲು ಹದ ಮಾಡಿ, ಕೊರೆದು, ಬಣ್ಣ ತುಂಬಿದ ಗೊಂಬೆಗಳು ಒಂದೊಂದಾಗಿ ವ್ಯಾಪಾರಿಯ ಚೀಲ ಸೇರುತ್ತವೆ. ರಾವಣ ಒಬ್ಬರ ಗೋಡೆಗೆ, ಹನುಮಂತ ಇನ್ನೊಬ್ಬರ ಗೋಡೆಗೆ. ರಾವಣನಿಲ್ಲದೆ ಯುದ್ಧಕಾಂಡ ಆಡುವುದು ಹೇಗೆ? ಒಂದು ಮನೆತನದ ಆಟ ಅಲ್ಲಿಗೆ ನಿಂತುಹೋಯಿತು. ಚಿತ್ರಕಾರನ ಮನೆಗೆ ‘ಸಹಾಯ’ ಮಾಡಲು ಬಂದವರು ಇಪ್ಪತ್ತು ಸಾವಿರದ ಕ್ಯಾನ್ವಾಸನ್ನು ಎರಡು ಸಾವಿರಕ್ಕೆ ಒಯ್ಯುತ್ತಾರೆ. ಕಷ್ಟದಲ್ಲಿರುವವನ ಬೆಲೆ ಇಳಿಸಿ ಕೊಂಡದ್ದನ್ನು ನೆರವು ಎಂದು ಹೇಳಿಕೊಳ್ಳುವ ಬಾಯಿಗೆ ನಾಚಿಕೆಯಾಗಬೇಕು. ಸ್ಕೆಚ್ ಪುಸ್ತಕಗಳು, ಪತ್ರಗಳು, ಧ್ವನಿಮುದ್ರಣದ ಕ್ಯಾಸೆಟ್ಟುಗಳು ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗುತ್ತವೆ. ದೊಡ್ಡಾಟದ ಮಾಸ್ತರ ತಲೆಯಲ್ಲಿಟ್ಟುಕೊಂಡಿದ್ದ ಪ್ರಸಂಗ, ಮಟ್ಟು, ಕುಣಿತದ ಲೆಕ್ಕ ಯಾವ ಗುಜರಿಗೂ ಹೋಗುವುದಿಲ್ಲ. ಅವು ಅವನ ಜೊತೆ ಮಣ್ಣಿಗೆ ಹೋಗುತ್ತವೆ. ಹತ್ತು ವರ್ಷದ ನಂತರ ಅದೇ ಕಲೆ ‘ಅಳಿವಿನಂಚಿನಲ್ಲಿದೆ’ ಎಂದು ವಿಚಾರ ಸಂಕಿರಣ ಏರ್ಪಡುತ್ತದೆ. ಆ ವೇದಿಕೆಯ ಮೇಲಿರುವ ಪ್ರತಿಯೊಬ್ಬರನ್ನೂ ಕೇಳಬೇಕು: ಅಳಿಯುತ್ತಿದ್ದಾಗ ನೀವು ಎಲ್ಲಿದ್ದಿರಿ?

2021ರ ಕೋವಿಡ್ ಎರಡನೇ ಅಲೆಯಲ್ಲಿ ಕಲಾವಿದರಿಗೆ ಸರ್ಕಾರ ಕೊಟ್ಟದ್ದು ತಲೆಗೆ 3,000 ರೂಪಾಯಿ. ಅದಕ್ಕಿಂತ ಹೆಚ್ಚು ಆ ಬಗ್ಗೆ ಹೇಳಲು ನನಗೆ ಮನಸ್ಸಿಲ್ಲ.

ದಾರಿಯೇ ಇಲ್ಲವೆಂದು ಯಾರೂ ಹೇಳಬಾರದು. ಜರ್ಮನಿಯಲ್ಲಿ 1983ರಿಂದ ಸ್ವಂತ ದುಡಿಮೆಯ ಕಲಾವಿದರಿಗೆ, ಲೇಖಕರಿಗೆ ಪ್ರತ್ಯೇಕ ಸಾಮಾಜಿಕ ವಿಮೆ ನಿಧಿಯಿದೆ. ನೌಕರಿಯಲ್ಲಿದ್ದವರಂತೆ ಕಲಾವಿದ ವಂತಿಗೆಯ ಅರ್ಧ ಮಾತ್ರ ಕಟ್ಟುತ್ತಾನೆ. ಇನ್ನರ್ಧದಲ್ಲಿ ಒಟ್ಟು ಮೊತ್ತದ ಶೇ 20ನ್ನು ಸರ್ಕಾರ, ಶೇ 30ನ್ನು ಅವನ ಕಲೆಯನ್ನು ಕೊಂಡು ಬಳಸುವ ಪ್ರಕಾಶಕರು, ಗ್ಯಾಲರಿಗಳು, ರಂಗಮಂದಿರಗಳು, ಜಾಹೀರಾತು ಕಂಪನಿಗಳು ತುಂಬುತ್ತವೆ. 2025ರಲ್ಲಿ ಆ ಬಳಕೆದಾರರು ಕಲಾವಿದರಿಗೆ ಕೊಟ್ಟ ಸಂಭಾವನೆಯ ಮೇಲೆ ಶೇ 5 ಸುಂಕ ಕಟ್ಟಿದ್ದಾರೆ. ಇದರ ಹಿಂದಿನ ತತ್ವ ಸರಳ: ಕಲಾವಿದನಿಗೆ ಒಬ್ಬ ಮಾಲೀಕನಿಲ್ಲದಿರಬಹುದು, ಅವನಿಂದ ಲಾಭ ಪಡೆಯುವವರೆಲ್ಲ ಸೇರಿ ಮಾಲೀಕನ ಹೊಣೆ ಹೊರಬೇಕು. ಅದು ಶ್ರೀಮಂತ ದೇಶ ಎಂದು ತಳ್ಳಿಹಾಕಬೇಡಿ. ಕಟ್ಟಡ ವೆಚ್ಚದ ಶೇ 1ರಷ್ಟು ಸುಂಕ ಹಿಡಿದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನಡೆಸುತ್ತಿರುವುದು ಇದೇ ಕರ್ನಾಟಕ. ಊಟ ತಂದುಕೊಡುವ ಹುಡುಗರಿಗಾಗಿ 2025ರಲ್ಲಿ ಕಾನೂನು ಮಾಡಿ ಆ್ಯಪ್ ಕಂಪನಿಗಳ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಲು ಮುಂದಾದದ್ದೂ ಇದೇ ರಾಜ್ಯ.

ಅಷ್ಟೇಕೆ, 2024ರಲ್ಲಿ ನಮ್ಮ ವಿಧಾನಮಂಡಲವೇ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾನೂನು ಒಪ್ಪಿದೆ. ಸಿನಿಮಾ ಟಿಕೆಟ್, ಚಂದಾ ಹಣದಂಥವುಗಳ ಮೇಲೆ ಶೇ 1ರಿಂದ 2ರವರೆಗೆ ಸುಂಕ, ಕಲಾವಿದರಿಗೊಂದು ಮಂಡಳಿ, ನಿಧಿ ಎಲ್ಲವೂ ಅದರಲ್ಲಿ ಇದೆ. ನಟರು, ಗಾಯಕರು, ವಾದಕರು, ನೃತ್ಯ ಕಲಾವಿದರು ಅದರ ವ್ಯಾಪ್ತಿಗೆ ಬರುತ್ತಾರೆ. ಸದನದ ಚಪ್ಪಾಳೆಯಿಂದ ಕೀಮೊಥೆರಪಿ ಆಗುವುದಿಲ್ಲ. ಮಂಡಳಿಯ ಕೆಲಸ ಅಳೆಯಬೇಕಾದದ್ದು ಒಂದೇ ಅಳತೆಯಿಂದ: ರಾತ್ರಿ ಹನ್ನೊಂದಕ್ಕೆ ಹೃದಯಾಘಾತವಾದ ಕಲಾವಿದನ ಮಗ ಆಸ್ಪತ್ರೆಯ ಕೌಂಟರಿನಲ್ಲಿ ತೋರಿಸಲು ಒಂದು ಕಾರ್ಡು ಇದೆಯೋ ಇಲ್ಲವೋ. ಅರ್ಜಿ, ಶಿಫಾರಸು, ಸಭೆ, ಮಂಜೂರಾತಿ, ಮರುಪಾವತಿ ಎಂಬ ಮೆಟ್ಟಿಲು ಹತ್ತಲು ಹೃದಯಕ್ಕೆ ಸಮಯವಿಲ್ಲ. ಆ ಅರ್ಜಿಯ ಮೇಲೆ ಷರಾ ಬರೆಯುವ ಸರ್ಕಾರಿ ನೌಕರನಿಗೆ ಆರೋಗ್ಯ ಸಂಜೀವಿನಿ ಯೋಜನೆಯಲ್ಲಿ ನಗದುರಹಿತ ಚಿಕಿತ್ಸೆ ಇದೆ. ಇರಲೇಬೇಕು, ಅದು ಅವರ ಹಕ್ಕು. ಆ ಹಕ್ಕನ್ನೇ ನಾವು ಕಲಾವಿದರಿಗೂ ಕೇಳುತ್ತಿರುವುದು. ಸುಂಕ ಸಿನಿಮಾಕ್ಕಷ್ಟೇ ನಿಲ್ಲಬಾರದು. ದಸರಾ, ಹಂಪಿ ಉತ್ಸವ, ಕಿತ್ತೂರು ಉತ್ಸವಗಳಿಗೆ ಜಾನಪದ ತಂಡಗಳನ್ನು ಕರೆಸುವ ಸರ್ಕಾರವೇ ಪ್ರತಿ ಸಂಭಾವನೆಯ ಜೊತೆ ಆರೋಗ್ಯದ ಪಾಲು ತುಂಬಲಿ. ಉತ್ಸವಕ್ಕೆ ಬರುವ ದೊಡ್ಡ ತಾರೆಯರ ಮೊತ್ತದಲ್ಲಿ ಶೇ 2 ತೆಗೆದಿಟ್ಟರೂ ಡೊಳ್ಳಿನ ತಂಡಗಳ ಪ್ರೀಮಿಯಂಗೆ ದಾರಿಯಾಗುತ್ತದೆ. ಟಿಡಿಎಸ್ ಹಿಡಿಯಲು ಇರುವ ಯಂತ್ರಾಂಗವೇ ಇದಕ್ಕೂ ಸಾಕು, ಹೊಸದೇನೂ ಕಟ್ಟಬೇಕಿಲ್ಲ.

ಕಲಾವಿದರು ಇಷ್ಟು ಕಾಲ ಒಬ್ಬರನ್ನೊಬ್ಬರು ಎತ್ತಿ ಹಿಡಿದದ್ದು ಯಾರ ನೆರವಿನಿಂದಲೂ ಅಲ್ಲ. ವೃತ್ತಿ ಕಂಪನಿಗಳಲ್ಲಿ ಕಷ್ಟಕ್ಕೆ ಸಿಕ್ಕ ನಟನಿಗಾಗಿ ಒಂದು ರಾತ್ರಿಯ ಗಲ್ಲಾಪೆಟ್ಟಿಗೆಯನ್ನೇ ಕೊಟ್ಟುಬಿಡುವ ಬೆನಿಫಿಟ್ ಶೋ ಹಳೆಯ ಪದ್ಧತಿ. ಕರಾವಳಿಯಲ್ಲಿ ಉಡುಪಿಯ ಯಕ್ಷಗಾನ ಕಲಾರಂಗ, ಯಕ್ಷಧ್ರುವ ಪಟ್ಲ ಫೌಂಡೇಶನ್‌ನಂಥ ಸಂಸ್ಥೆಗಳು ಕಲಾವಿದರ ಚಿಕಿತ್ಸೆಗೆ, ಕಷ್ಟಕ್ಕೆ ಹೆಗಲು ಕೊಡುತ್ತಿವೆ. ಅವರಿಗೆ ಕೈಮುಗಿಯುತ್ತೇನೆ. ಆದರೆ ಮೇಳವಿಲ್ಲದ, ಸಂಘವಿಲ್ಲದ, ಒಂಟಿಯಾಗಿ ಕೂತು ಚಿತ್ರ ಬರೆಯುವ, ಬೀದಿಯಲ್ಲಿ ಕಿನ್ನರಿ ನುಡಿಸುವ ಜೀವಕ್ಕೆ ಈ ಹೆಗಲೂ ಎಟಕುವುದಿಲ್ಲ. ದಾನಿಗಳ ಒಳ್ಳೆಯತನವನ್ನು ತೋರಿಸಿ ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳುವುದು ಆ ದಾನಿಗಳಿಗೂ ಮಾಡುವ ಅವಮಾನ.

ಅಂಥ ಕಾರ್ಡು ಕಲಾವಿದರ ಕೈಗೆ ಬರುವವರೆಗೆ ಮಾಡಬೇಕಾದ ಕೆಲಸವೂ ಇದೆ. ನಿಮಗೆ ಗೊತ್ತಿರುವ ಕಲಾವಿದರು ಆಸ್ಪತ್ರೆ ಸೇರಿದರೆ ಮೊದಲು ಅವರ ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಚಾಲ್ತಿಯಲ್ಲಿದೆಯೇ ನೋಡಿ. ಎಪ್ಪತ್ತು ದಾಟಿದವರಾದರೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಆರಂಭಿಸಿದ ಯೋಜನೆಯಂತೆ ಆದಾಯ ಎಷ್ಟಿದ್ದರೂ ಆಯುಷ್ಮಾನ್ ಸೌಲಭ್ಯಕ್ಕೆ ಅರ್ಹರು, ಇದು ಅನೇಕರಿಗೆ ತಿಳಿದೇ ಇಲ್ಲ; ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ಅದಿಲ್ಲದೆ ಮುಂಗಡ ಕಟ್ಟಿದವರು ಆಮೇಲೆ ಪರದಾಡುತ್ತಾರೆ. ಓದು ಬರಹ ಬಲ್ಲ ಒಬ್ಬರು ಕಡತ ಹಿಡಿದು ಓಡಾಡುವ ಹೊಣೆ ಹೊರಲಿ. ಹಣ್ಣಿನ ಬುಟ್ಟಿ ಹಿಡಿದ ಹತ್ತು ಮಂದಿಗಿಂತ ಅವರು ದೊಡ್ಡವರು. ಮಲಗಿದವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಡಿ. ಚಿತ್ರ ಕೊಳ್ಳುವುದಾದರೆ ಪೂರ್ತಿ ಬೆಲೆ ಕೊಟ್ಟು ಕೊಳ್ಳಿ.

ಸಂಘಟಕರೇ, ಕೊನೆಯದಾಗಿ ನಿಮಗೆ. ಉತ್ಸವ ಸಮಿತಿಗಳೇ, ಕಾಲೇಜುಗಳೇ, ಟ್ರಸ್ಟುಗಳೇ, ಇಲಾಖೆಗಳೇ, ನಿಮ್ಮ ಲೆಕ್ಕದ ಪುಸ್ತಕ ತೆಗೆಯಿರಿ. ಹೋದ ವರ್ಷ ಕರೆಸಿ ಹಾಡಿಸಿ, ಕುಣಿಸಿ, ಶಾಲು ಹೊದಿಸಿ, ‘ಚೆಕ್ಕು ಕಳಿಸುತ್ತೇವೆ’ ಎಂದು ಬಸ್ಸು ಹತ್ತಿಸಿದವರ ಹೆಸರು ಅದರಲ್ಲಿದೆ. ಅವರಲ್ಲಿ ಎಷ್ಟೋ ಜನ ಈಗ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದಾರೆ, ಮುಂದಿನ ತಪಾಸಣೆಯನ್ನು ಮುಂದಕ್ಕೆ ಹಾಕುತ್ತಿದ್ದಾರೆ. ನೀವು ಉಳಿಸಿಕೊಂಡಿರುವುದು ಅವರ ದುಡ್ಡು, ದುಡಿದ ದುಡ್ಡು. ಸಹಾಯ ಮಾಡಿ ಎಂದು ನಿಮ್ಮನ್ನು ಯಾರೂ ಬೇಡುತ್ತಿಲ್ಲ. ನಾಳೆ ಬ್ಯಾಂಕು ತೆರೆದ ಕೂಡಲೇ ಆ ಬಾಕಿ ತೀರಿಸಿ.